ಹಡಗಿನ ಕೋಣೆಯ ಟಿವಿಗೆ ಫೋನು, ಸ್ಟಿಕ್, ಪೆನ್‌ಡ್ರೈವ್ ಕನೆಕ್ಟ್ ಆಗದಿದ್ದರೆ

"ಎಚ್‌ಡಿಎಂಐ ಹಾಕಿದೆ, ಟಿವಿಯಲ್ಲಿ ಏನೂ ಬರುವುದಿಲ್ಲ." ಪ್ರವಾಸದ ಹಡಗು ಹತ್ತಿದವರು ಕಳಿಸುವ ವಾಟ್ಸಾಪ್ ಮೆಸೇಜಿನಲ್ಲಿ ಇರುವುದು ಹೆಚ್ಚಾಗಿ ಇಷ್ಟೇ. ಎಚ್‌ಡಿಎಂಐ ಅಂದರೆ ಫೋನು, ಲ್ಯಾಪ್‌ಟಾಪಿನಂಥ ಸಾಧನದ ಚಿತ್ರವನ್ನೂ ಧ್ವನಿಯನ್ನೂ ಟಿವಿಗೆ ಒಯ್ಯುವ ತಂತಿ. ನಾನು ಕಾಸರಗೋಡಿನ ಬದಿಯಡ್ಕ ಕಡೆ ಟಿವಿ ರಿಪೇರಿ ಮಾಡುವವನು. ಚಳಿಗಾಲ ಬಂತೆಂದರೆ ಗಲ್ಫಿನಲ್ಲಿರುವ ಮಕ್ಕಳು ಅಪ್ಪ ಅಮ್ಮನನ್ನು ಕರೆಸಿಕೊಂಡು ದುಬೈಯಿಂದ ಹಡಗು ಹತ್ತಿಸುತ್ತಾರೆ. ಕೊಚ್ಚಿಯಿಂದ, ಮುಂಬೈಯಿಂದ ಹೋಗುವವರೂ ಇದ್ದಾರೆ. ಹಡಗು ಬಂದರು ಬಿಡುವ ಮೊದಲು, ಫೋನಿಗೆ ಸಿಗ್ನಲ್ ಇರುವ ಆ ಸ್ವಲ್ಪ ಹೊತ್ತಿನಲ್ಲಿ ನನಗೆ ಕರೆ ಬರುತ್ತದೆ. ಸಮುದ್ರಕ್ಕಿಳಿದ ಮೇಲೆ ಕೇಳೋಣ ಅಂದರೆ ಲೈನೇ ಸಿಗುವುದಿಲ್ಲ. ಅದಕ್ಕೇ ಇದನ್ನು ಬರೆದಿದ್ದೇನೆ. ಫೋನಿನಲ್ಲಿ ಸೇವ್ ಮಾಡಿಕೊಂಡು ಹೋಗಿ.

"ಏನೂ ಬರುವುದಿಲ್ಲ" ಅಂದರೆ ದೋಷ ಎಲ್ಲಿದೆ ಎಂದು ಗೊತ್ತಾಗುವುದಿಲ್ಲ. ನಾನು ಕೇಳುವ ಮೊದಲ ಪ್ರಶ್ನೆ ಇದು: ಈಗ ಪರದೆಯ ಮೇಲೆ ಏನು ಕಾಣುತ್ತಿದೆ? ಹಡಗಿನ ಮೆನು ಹಾಗೇ ಇದೆಯಾ? "ನೋ ಸಿಗ್ನಲ್" ಅಂತ ಬರುತ್ತಿದೆಯಾ? ಅಥವಾ ಯಾವ ಬರಹವೂ ಇಲ್ಲದೆ ಕಪ್ಪಗಿದೆಯಾ? ಈ ಮೂರೂ ಬೇರೆ ಬೇರೆ ದೋಷ. ಮೊದಲನೆಯದು ಟಿವಿಯದ್ದು. ಎರಡನೆಯದು ಕೇಬಲ್ ಅಥವಾ ಫೋನಿನದ್ದು. ಮೂರನೆಯದು ಬಹುಪಾಲು ನೀವು ತೆರೆದ ಆ್ಯಪ್‌ನದ್ದು. ಪರದೆಯನ್ನು ಸರಿಯಾಗಿ ನೋಡದೆ ಕೇಬಲ್ ಕಿತ್ತು ಹಾಕುತ್ತಾ ಕೂತರೆ ಅರ್ಧ ದಿನ ಸುಮ್ನೆ ಹೋಗುತ್ತದೆ.

ಹಡಗಿನ ಮೆನು ಹೋಗುವುದೇ ಇಲ್ಲ

ಅತಿ ಹೆಚ್ಚು ಬರುವ ದೂರು ಇದು. ಕೋಣೆಯ ಟಿವಿ ನಿಮ್ಮ ಮನೆಯ ಟಿವಿಯ ಹಾಗೆ ಕಂಡರೂ ಹಾಗಲ್ಲ. ಎಲ್‌ಜಿ, ಸ್ಯಾಮ್ಸಂಗ್, ಫಿಲಿಪ್ಸ್ ಕಂಪನಿಗಳು ಹೋಟೆಲುಗಳಿಗೆಂದೇ ಬೇರೆ ಸರಣಿಯ ಟಿವಿ ಮಾಡುತ್ತವೆ. ಹಡಗಿಗೆ ಬರುವುದೂ ಅಂಥವೇ. ಅವುಗಳಲ್ಲಿ ಹೋಟೆಲ್ ಮೋಡ್ ಅಂತ ಒಂದು ಸೆಟ್ಟಿಂಗ್ ಇರುತ್ತದೆ. ಆನ್ ಮಾಡಿದಾಗ ಯಾವುದು ಬರಬೇಕು, ವಾಲ್ಯೂಮ್ ಎಷ್ಟಕ್ಕೆ ನಿಲ್ಲಬೇಕು, ಹೊರಗಿನ ಸಾಧನ ಹಾಕಲು ಬಿಡಬೇಕೇ ಬೇಡವೇ, ಎಲ್ಲವನ್ನೂ ಹಡಗಿನವರು ಅಲ್ಲಿ ಮೊದಲೇ ಗೊತ್ತು ಮಾಡಿರುತ್ತಾರೆ. ಚಿತ್ರ ಬರುವುದು ಹಡಗಿನ ಸರ್ವರಿನಿಂದ. ಇವತ್ತಿನ ಕಾರ್ಯಕ್ರಮ, ನಿಮ್ಮ ಬಿಲ್ಲು, ಹಡಗಿನ ಮುಂಭಾಗದ ಕ್ಯಾಮೆರಾ, ಎಲ್ಲ ಅದರಲ್ಲೇ. ರಿಮೋಟೂ ಹೆಚ್ಚಾಗಿ ಸಣ್ಣದು, ಯಾವ ಸಾಧನದ ಚಿತ್ರ ಬರಬೇಕೆಂದು ಆರಿಸುವ ಸೋರ್ಸ್ ಬಟನ್ನೇ ಇಲ್ಲದ್ದು.

ಹಾಗಾದರೆ ಏನು ಮಾಡಬಹುದು? ಮೊದಲು ರಿಮೋಟಿನಲ್ಲಿ ಇನ್‌ಪುಟ್, ಸೋರ್ಸ್, ಅಥವಾ ಚೌಕದೊಳಗೆ ಬಾಣ ಇರುವ ಗುರುತು ಇದೆಯಾ ನೋಡಿ. ಇಲ್ಲವಾದರೆ ಹಡಗಿನ ಮೆನುವಿನೊಳಗೆ ಹುಡುಕಿ. ಕೆಲವು ಹಡಗುಗಳಲ್ಲಿ ಎಚ್‌ಡಿಎಂಐ ಆಯ್ಕೆಯನ್ನು ಅದರಲ್ಲೇ ಕೊಟ್ಟಿರುತ್ತಾರೆ. ಅಲ್ಲೂ ಇಲ್ಲವೆಂದರೆ ಟಿವಿಯ ಕೆಳಗಡೆ, ಕಂಪನಿಯ ಹೆಸರಿರುವ ಜಾಗದ ಅಡಿಗೆ ಬೆರಳಾಡಿಸಿ. ಅಲ್ಲಿ ಅಥವಾ ಹಿಂಬದಿಯ ಮೂಲೆಯಲ್ಲಿ ಒಂದು ಗುಂಡಿ ಸಿಗಬಹುದು. ಒತ್ತಿದರೆ ಸಣ್ಣ ಮೆನು ಬರುತ್ತದೆ, ಅದರಲ್ಲಿ ಸೋರ್ಸ್ ಇರಬಹುದು. ಅದನ್ನೂ ಲಾಕ್ ಮಾಡಿದ್ದರೆ ಟಿವಿ ಆನ್ ಇರುವಾಗಲೇ ಎಚ್‌ಡಿಎಂಐ ಕಿತ್ತು ಮತ್ತೆ ಸಿಕ್ಕಿಸಿ. ಹೊಸ ಸಾಧನ ಸಿಕ್ಕಿದ ಕೂಡಲೇ ತಾನಾಗಿ ಅದಕ್ಕೆ ಹೋಗುವ ಟಿವಿಗಳಿವೆ. ಫೈರ್ ಟಿವಿ ಸ್ಟಿಕ್ (ಎಚ್‌ಡಿಎಂಐ ಪೋರ್ಟಿಗೆ ಸಿಕ್ಕಿಸಿ ಇಂಟರ್ನೆಟ್ಟಿನ ವಿಡಿಯೊ ನೋಡುವ ಸಣ್ಣ ಸಾಧನ) ಇದ್ದವರು ಅದರ ರಿಮೋಟಿನ ಹೋಮ್ ಬಟನ್ ಒತ್ತಿ ನೋಡಿ. ಎಚ್‌ಡಿಎಂಐ ತಂತಿಯಲ್ಲೇ ಒಂದು ಸಂಜ್ಞೆ ಹೋಗಿ ಟಿವಿಯನ್ನು ತನ್ನ ಕಡೆಗೆ ತಿರುಗಿಸಿಕೊಳ್ಳುವ ವ್ಯವಸ್ಥೆ ಉಂಟು. ಸ್ಯಾಮ್ಸಂಗ್ ಅದನ್ನು ಎನಿನೆಟ್ ಪ್ಲಸ್ ಅನ್ನುತ್ತದೆ, ಎಲ್‌ಜಿ ಸಿಂಪ್ಲಿಂಕ್ ಅನ್ನುತ್ತದೆ.

ನಮ್ಮವರ ಕೈಯಲ್ಲಿ ಇನ್ನೊಂದು ಆಯುಧ ಇದೆ, ತುಂಬ ಜನರಿಗೆ ಅದರ ನೆನಪೇ ಆಗುವುದಿಲ್ಲ. ರೆಡ್ಮಿ, ಪೋಕೊ ಫೋನುಗಳಲ್ಲಿ ಹಲವಕ್ಕೆ ಮೇಲಂಚಿನಲ್ಲಿ ರಿಮೋಟಿನಂಥ ಕಪ್ಪು ಕಣ್ಣು ಇರುತ್ತದೆ. ಮಿ ರಿಮೋಟ್ ಆ್ಯಪ್ ತೆರೆದು ಟಿವಿಯ ಕಂಪನಿ ಆರಿಸಿದರೆ ಸೋರ್ಸ್ ಬಟನ್ ಸಿಗುತ್ತದೆ. ಆದರೆ ಕಂಪನಿಯ ಕೋಡ್ ಇಳಿಸಿಕೊಳ್ಳಲು ಇಂಟರ್ನೆಟ್ ಬೇಕು. ಎಲ್‌ಜಿ, ಸ್ಯಾಮ್ಸಂಗ್, ಫಿಲಿಪ್ಸ್ ಮೂರನ್ನೂ ಮನೆಯಲ್ಲೇ ಸೇರಿಸಿಟ್ಟುಕೊಂಡು ಹೋಗಿ.

ಇಷ್ಟರಲ್ಲಿ ಆಗಲಿಲ್ಲವೆಂದರೆ ಲಾಕ್ ಬಿಗಿಯಾಗಿದೆ ಎಂದರ್ಥ. ಕೋಣೆ ನೋಡಿಕೊಳ್ಳುವ ಸ್ಟೂವರ್ಡ್ ಅವರನ್ನು ಕೇಳಿ, ಇಲ್ಲವೇ ರಿಸೆಪ್ಶನ್‌ಗೆ ಫೋನ್ ಮಾಡಿ. ನಮ್ಮ ಕೋಟಿಕುಳಂ, ಪಾಲಕುನ್ನು, ಉದುಮ ಕಡೆಯಿಂದ ಹಡಗಿನ ಕೆಲಸಕ್ಕೆ ಹೋದವರು ಎಷ್ಟೋ ಮಂದಿ. ಹಡಗಿನ ಸಿಬ್ಬಂದಿಯಲ್ಲಿ ಮಲಯಾಳಿಗಳು ಸಿಗುವುದು ಅಪರೂಪವಲ್ಲ. ಎರಡು ಮಾತು ಮಲಯಾಳದಲ್ಲಿ ಆಡಿದರೆ ಕೆಲಸ ಬೇಗ ಆಗಬಹುದು. ಅವರು "ಆಗುವುದಿಲ್ಲ" ಅಂದರೆ ಅಲ್ಲಿಗೆ ಬಿಡಿ. ಯೂಟ್ಯೂಬಿನಲ್ಲಿ ನೋಡಿ ಗುಪ್ತ ಸರ್ವಿಸ್ ಮೆನುಗೆ ಕೈ ಹಾಕುವುದು, ಗೋಡೆಯ ಪ್ಯಾನೆಲ್ ಬಿಚ್ಚುವುದು ಬೇಡ. ಟಿವಿಯ ಹಿಂದೆ ಮೊದಲೇ ಇರುವ ನೆಟ್‌ವರ್ಕ್ ಕೇಬಲನ್ನಂತೂ ಕೀಳಲೇಬೇಡಿ. ಅಪಾಯದ ವೇಳೆ ಎಲ್ಲಿ ಸೇರಬೇಕು ಎಂಬ ಕಡ್ಡಾಯ ವಿಡಿಯೊವನ್ನು ಕೋಣೆಯ ಟಿವಿಯಲ್ಲೇ ತೋರಿಸುವ ಹಡಗುಗಳಿವೆ. ಆ ತಂತಿ ಕಿತ್ತರೆ ಅದೂ ಹೋಯಿತು, ಅಲ್ವಾ?

"ನೋ ಸಿಗ್ನಲ್" ಬಂದರೆ ಖುಷಿಪಡಿ

ಖುಷಿ ಯಾಕೆಂದರೆ ಟಿವಿ ನಿಮ್ಮ ಕಡೆ ತಿರುಗಿದೆ. ಲಾಕ್ ಇಲ್ಲ. ಈಗ ಹುಡುಕಬೇಕಾದ್ದು ನಿಮ್ಮ ಚೀಲದಿಂದ ಬಂದ ಸಾಮಾನಿನಲ್ಲಿ. ಟಿವಿಯಲ್ಲಿ ಎಚ್‌ಡಿಎಂಐ 1 ಆರಿಸಿ ತಂತಿಯನ್ನು 2ಕ್ಕೆ ಹಾಕಿದ್ದೀರಾ ಎಂದು ಮೊದಲು ನೋಡಿ. ಟಿವಿ ಗೋಡೆಗೆ ಒತ್ತಿಕೊಂಡಿರುವುದರಿಂದ ಪೋರ್ಟು ಕಣ್ಣಿಗೆ ಬೀಳುವುದಿಲ್ಲ, ಕೈ ತಡವಿಯೇ ಹಾಕಬೇಕು. ಅರ್ಧ ಸಿಕ್ಕಿಕೊಂಡ ತಂತಿಗೂ ಇದೇ ಬರಹ ಬರುತ್ತದೆ. ಸ್ಟಿಕ್ ಜೊತೆ ಬರುವ ಗಿಡ್ಡ ಎಚ್‌ಡಿಎಂಐ ಎಕ್ಸ್‌ಟೆನ್ಶನ್ ತುಂಡನ್ನು ಮನೆಯಲ್ಲಿ ಬಿಸಾಡಬೇಡಿ. ಅದಕ್ಕೆ ಬೆಲೆ ಬರುವುದು ಇಂಥ ಜಾಗದಲ್ಲೇ.

ಲ್ಯಾಪ್‌ಟಾಪ್ ಆದರೆ ವಿಂಡೋಸ್ ಕೀ ಜೊತೆ ಪಿ ಒತ್ತಿ ಡುಪ್ಲಿಕೇಟ್ ಆರಿಸಿ. ಮುಗಿಯಿತು. ಲ್ಯಾಪ್‌ಟಾಪಿಗಿಂತ ನೆಮ್ಮದಿಯ ಸಾಧನ ಹಡಗಿಗೆ ಬೇರೆ ಇಲ್ಲ, ಭಾರ ಹೊರಲು ಮನಸ್ಸಿದ್ದರೆ.

ಫೋನು ಹಾಗಲ್ಲ. ಯುಎಸ್‌ಬಿ-ಸಿ ತೂತು ಎಲ್ಲ ಫೋನಿನಲ್ಲೂ ಒಂದೇ ಥರ ಕಾಣುತ್ತದೆ, ಒಳಗಿನ ಸಂಗತಿ ಬೇರೆ. ಅದರಿಂದ ಚಿತ್ರ ಹೊರಗೆ ಬರಬೇಕಾದರೆ ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್ ಎಂಬ ಸೌಲಭ್ಯ ಫೋನಿನಲ್ಲಿ ಇರಬೇಕು. ಕಡಿಮೆ ಬೆಲೆಯ ಹೆಚ್ಚಿನ ಫೋನುಗಳಲ್ಲಿ ಇದಿಲ್ಲ. ಅವು ಚಾರ್ಜ್ ಆಗುತ್ತವೆ, ಫೈಲ್ ಕಳಿಸುತ್ತವೆ, ಅಷ್ಟೇ. ಸ್ಯಾಮ್ಸಂಗ್‌ನ ಎಸ್ ಸರಣಿಯಲ್ಲಿ ಎಸ್8ರಿಂದ ಈಚೆಗೆ ಇದೆ, ಎ ಸರಣಿಯಲ್ಲಿ ಬಹುತೇಕ ಇಲ್ಲ. ಗೂಗಲ್‌ನ ಪಿಕ್ಸೆಲ್ 8 ಮತ್ತು ನಂತರದವಕ್ಕೆ ಇದೆ. 2023ರಲ್ಲಿ ಬಂದ ಐಫೋನ್ 15ರಿಂದ ಯುಎಸ್‌ಬಿ-ಸಿ ಬಂತು, ಅದರಲ್ಲಿ ಚಿತ್ರವೂ ಹೊರಬರುತ್ತದೆ. 14ರ ವರೆಗಿನ ಐಫೋನುಗಳಿಗೆ ಲೈಟ್ನಿಂಗ್ ಅಡಾಪ್ಟರ್ ಬೇಕು. ಅದರ ಅಗ್ಗದ ನಕಲಿಗಳಲ್ಲಿ ಹಲವು ಪಕ್ಕದ ತೂತಿಗೆ ಚಾರ್ಜರ್ ಕೊಡದಿದ್ದರೆ ಜೀವವೇ ಹಿಡಿಯುವುದಿಲ್ಲ. ಸೌಲಭ್ಯವೇ ಇಲ್ಲದ ಫೋನಿಗೆ ಎಷ್ಟು ದುಬಾರಿ ಕೇಬಲ್ ತಂದರೂ ಚಿತ್ರ ಬರುವುದಿಲ್ಲ. ಹಾಗಾಗಿ ಈ ಪರೀಕ್ಷೆ ಮನೆಯ ಟಿವಿಯಲ್ಲೇ ಆಗಬೇಕು. ಇಲ್ಲಿ ಬಂದದ್ದು ಅಲ್ಲಿ ಬಾರದಿರಬಹುದು. ಇಲ್ಲಿ ಬಾರದ್ದು ಅಲ್ಲಿ ಖಂಡಿತ ಬರುವುದಿಲ್ಲ.

ಸ್ಟಿಕ್ ಹಾಕಿದಾಗ ಕಂಪನಿಯ ಹೆಸರು ಬಂದು, ಹೋಗಿ, ಮತ್ತೆ ಬಂದು, ಹೀಗೆ ಸುತ್ತು ಹೊಡೆಯುತ್ತಿದ್ದರೆ ದೋಷ ಕರೆಂಟಿನದ್ದು. ಟಿವಿಯ ಸಾಧಾರಣ ಯುಎಸ್‌ಬಿ ಪೋರ್ಟು ಅರ್ಧ ಆಂಪಿಯರ್ ಕೊಟ್ಟರೆ ಹೆಚ್ಚು, ಸ್ಟಿಕ್ ಕೇಳುವುದು ಒಂದು ಆಂಪಿಯರ್. ಅದರದೇ ಅಡಾಪ್ಟರ್ ಗೋಡೆಗೆ ಹಾಕಿ.

ಗೋಡೆ ಅಂದಾಗ ಪ್ಲಗ್ಗಿನ ವಿಷಯ ಹೇಳಲೇಬೇಕು. ಹಡಗಿನ ಕೋಣೆಯಲ್ಲಿ ಸಾಮಾನ್ಯವಾಗಿ ಎರಡು ಥರದ ಸಾಕೆಟ್ ಇರುತ್ತವೆ. ಒಂದು ಅಮೆರಿಕದ್ದು, ಚಪ್ಪಟೆ ಪಿನ್, 110 ವೋಲ್ಟ್. ಇನ್ನೊಂದು ಯುರೋಪಿನದ್ದು, ದುಂಡು ಪಿನ್, 220 ವೋಲ್ಟ್. ನಮ್ಮ ಎರಡು ದುಂಡು ಪಿನ್ನಿನ ಫೋನ್ ಚಾರ್ಜರ್ ಯುರೋಪಿನ ಸಾಕೆಟ್ಟಿಗೆ ಹೋಗುತ್ತದೆ, ಸಾಕೆಟ್ ಒಳಕ್ಕೆ ತಗ್ಗಿದ್ದು ಚಾರ್ಜರಿನ ಮೈ ಅಗಲವಾಗಿದ್ದರೆ ಮಾತ್ರ ಕಷ್ಟ. ಆದರೆ ಕಾಸರಗೋಡಿನ ಮನೆಗಳಲ್ಲಿ ಅರ್ಧದಷ್ಟು ಚಾರ್ಜರ್ ಗಲ್ಫಿನಿಂದ ಬಂದವು. ಮೂರು ಚಪ್ಪಟೆ ದಪ್ಪ ಪಿನ್ನಿನ ಆ ಪ್ಲಗ್ ಈ ಎರಡಕ್ಕೂ ಹೋಗುವುದಿಲ್ಲ. ಎಕ್ಸ್‌ಟೆನ್ಶನ್ ಬೋರ್ಡ್ ಹಿಡಿದುಕೊಂಡು ಹೋಗೋಣ ಅಂದುಕೊಂಡರೆ ತಪಾಸಣೆಯಲ್ಲೇ ತೆಗೆದಿಡುವ ಸಂಭವ ಜಾಸ್ತಿ. ಅದಕ್ಕೆ ಕಾರಣವೂ ಇದೆ. ನಮ್ಮ ಮನೆಯ ವೈರಿಂಗಿನಲ್ಲಿ ಒಂದು ತಂತಿ ಫೇಸ್, ಇನ್ನೊಂದು ನ್ಯೂಟ್ರಲ್, ನ್ಯೂಟ್ರಲ್ ಭೂಮಿಗೆ ಸೇರಿರುತ್ತದೆ. ಹಡಗಿನಲ್ಲಿ ಸಾಮಾನ್ಯವಾಗಿ ಹಾಗೆ ಸೇರಿಸಿರುವುದಿಲ್ಲ, ಎರಡು ತಂತಿಯಲ್ಲೂ ಕರೆಂಟ್ ಇರಬಹುದು. ಸರ್ಜ್ ಪ್ರೊಟೆಕ್ಟರ್ (ವೋಲ್ಟೇಜ್ ಒಮ್ಮೆಲೇ ಏರಿದರೆ ತಡೆಯುವ ಭಾಗ) ಇರುವ ಬೋರ್ಡುಗಳು ಇಂಥ ಕಡೆ ಬಿಸಿಯಾಗಿ ಬೆಂಕಿ ಹಿಡಿಯಬಹುದು ಎಂದು ಅಮೆರಿಕದ ಕೋಸ್ಟ್ ಗಾರ್ಡ್ 2013ರಲ್ಲೇ ಎಚ್ಚರಿಸಿತ್ತು. ಸರ್ಜ್ ಇಲ್ಲದ ಒಂದು ಸಣ್ಣ ಅಡಾಪ್ಟರ್, ಎರಡು ಮೂರು ಯುಎಸ್‌ಬಿ ಇರುವ ಒಂದು ಚಾರ್ಜರ್, ಇಷ್ಟು ಸಾಕು.

ಚಾರ್ಜರ್ ಹಾಕಿದರೂ ದೀಪ ಬರದಿದ್ದರೆ ಬಾಗಿಲ ಬಳಿ ನೋಡಿ. ಕೀ ಕಾರ್ಡ್ ಸಿಕ್ಕಿಸಿದರೆ ಮಾತ್ರ ಕರೆಂಟ್ ಕೊಡುವ ಕೋಣೆಗಳಿವೆ. ಕಾರ್ಡ್ ತೆಗೆದುಕೊಂಡು ಊಟಕ್ಕೆ ಹೋದರೆ ಸ್ಟಿಕ್ಕೂ ಆಫ್, ಚಾರ್ಜೂ ಆಫ್.

ಧ್ವನಿ ಬರುತ್ತದೆ, ಚಿತ್ರ ಕಪ್ಪು

ಫೋನಿನ ಹೋಮ್ ಸ್ಕ್ರೀನ್ ಟಿವಿಯಲ್ಲಿ ಚೆನ್ನಾಗಿ ಕಾಣುತ್ತದೆ, ಗ್ಯಾಲರಿಯ ಮದುವೆ ವಿಡಿಯೊ ಓಡುತ್ತದೆ, ಸಿನಿಮಾ ಆ್ಯಪ್ ತೆರೆದ ಕೂಡಲೇ ಕಪ್ಪು. ಕೆಲವೊಮ್ಮೆ ಮಾತು ಕೇಳುತ್ತದೆ, ಅಕ್ಷರ ಕಾಣುತ್ತದೆ, ಮನುಷ್ಯರಿಲ್ಲ. ಇದು ಕೇಬಲ್ ಹಾಳಾದದ್ದಲ್ಲ. ನಕಲು ಮಾಡದಂತೆ ತಡೆಯುವ ಎಚ್‌ಡಿಸಿಪಿ ಎಂಬ ಬೀಗ. ಫೋನು, ಅಡಾಪ್ಟರ್, ಟಿವಿ ಮೂರೂ ಅದಕ್ಕೆ ಒಪ್ಪಿಗೆ ಹೇಳಿದರೆ ಮಾತ್ರ ಚಿತ್ರ ಬರುತ್ತದೆ. ಅಗ್ಗದ ಅಡಾಪ್ಟರುಗಳಲ್ಲಿ ಹಲವಕ್ಕೆ ಆ ಒಪ್ಪಿಗೆ ಇಲ್ಲ. ಗ್ಯಾಲರಿಯ ವಿಡಿಯೊ ಓಡಿ ಆ್ಯಪ್ ಮಾತ್ರ ಓಡದಿದ್ದರೆ ಇಷ್ಟೇ ಎಂದು ತಿಳಿದುಕೊಳ್ಳಿ. ಹಡಗಿನಲ್ಲಿ ಕೂತು ಇದಕ್ಕೆ ಮದ್ದಿಲ್ಲ, ಫೋನಿನಲ್ಲೇ ನೋಡಬೇಕಷ್ಟೆ.

ಎಲ್ಲವೂ ಕಪ್ಪು, ಅಥವಾ ಚಿತ್ರ ಬಂದು ಬಂದು ಹೋಗುತ್ತದೆ ಎಂದರೆ ಬೇರೆ ಕತೆ. ಸ್ಟಿಕ್ ಅಥವಾ ಲ್ಯಾಪ್‌ಟಾಪಿನ ರೆಸಲ್ಯೂಶನ್ 1080ಕ್ಕೆ, 60 ಹರ್ಟ್ಸ್‌ಗೆ ಇಳಿಸಿ. ಮನೆಯ 4ಕೆ ಟಿವಿಗೆ ಹೊಂದಿಸಿದ್ದು ಕೋಣೆಯ ಹಳೆ ಟಿವಿಗೆ ಅರ್ಥವಾಗದಿರಬಹುದು.

ಚಿತ್ರ ಇದೆ, ಧ್ವನಿ ಇಲ್ಲ ಎಂದರೆ ಲ್ಯಾಪ್‌ಟಾಪಿನ ಸೌಂಡ್ ಔಟ್‌ಪುಟ್ ಟಿವಿಗೆ ಬದಲಾಯಿಸಿ. ಸ್ಟಿಕ್ ಆದರೆ ಅದರ ಸೌಂಡ್ ಸೆಟ್ಟಿಂಗಿನಲ್ಲಿ ಡಾಲ್ಬಿ ತೆಗೆದು ಪಿಸಿಎಂ ಅಥವಾ ಸ್ಟೀರಿಯೊ ಮಾಡಿ.

ವೈಫೈಯಲ್ಲಿ ಕಾಸ್ಟ್ ಮಾಡುವ ಆಸೆ

ಮನೆಯಲ್ಲಿ ಎಲ್ಲವನ್ನೂ ಕಾಸ್ಟ್ ಮಾಡಿಯೇ, ಅಂದರೆ ತಂತಿಯಿಲ್ಲದೆ ಫೋನಿನಿಂದ ಟಿವಿಗೆ ಕಳಿಸಿಯೇ, ನೋಡುವವರು ಹಡಗಿಗೆ ಬಂದು ಪಡುವ ಪಾಡು ದೊಡ್ಡದು. ಫೋನೂ ಹಡಗಿನ ವೈಫೈಯಲ್ಲಿದೆ, ಸ್ಟಿಕ್ಕೂ ಅದರಲ್ಲೇ ಇದೆ, ಆದರೂ ಒಂದಕ್ಕೊಂದು ಕಾಣುವುದಿಲ್ಲ. ಇದು ದೋಷವೇ ಅಲ್ಲ, ಬೇಕೆಂದೇ ಹಾಗೆ ಮಾಡಿರುವುದು. ಒಂದೇ ನೆಟ್‌ವರ್ಕಿನಲ್ಲಿ ಸಾವಿರಾರು ಜನ ಇರುವಾಗ ಪಕ್ಕದ ಕೋಣೆಯವರ ಟಿವಿಗೆ ನಿಮ್ಮ ಫೋಟೊ ಹೋಗಬಾರದಲ್ಲ! ಅದಕ್ಕೆ ಒಬ್ಬರ ಸಾಧನ ಇನ್ನೊಂದನ್ನು ನೋಡದಂತೆ ಬೇರ್ಪಡಿಸಿರುತ್ತಾರೆ. ನಿಮ್ಮದೇ ಎರಡು ಸಾಧನಕ್ಕೂ ಅದೇ ನಿಯಮ. ಎಷ್ಟು ಸಲ ರೀಸ್ಟಾರ್ಟ್ ಮಾಡಿದರೂ ಅಷ್ಟೇ.

ಸ್ಟಿಕ್ ವೈಫೈಗೇ ಸೇರದಿದ್ದರೆ ಕಾರಣ ಲಾಗಿನ್ ಪುಟ. ಕೋಣೆಯ ನಂಬರ್, ಹೆಸರು ಕೇಳುವ ಆ ಪುಟವನ್ನು ಗೂಗಲ್‌ನ ಹಳೆಯ ಸ್ಟಿಕ್ ಆದ ಕ್ರೋಮ್‌ಕಾಸ್ಟ್ ತೋರಿಸಲಾರದು. ಫೈರ್ ಟಿವಿ ತೋರಿಸುತ್ತದೆ. ತೋರಿಸಿದರೂ ಪ್ಯಾಕೇಜ್ ಒಂದು ಸಾಧನಕ್ಕೆ ಮಾತ್ರ ಇದ್ದರೆ ಸ್ಟಿಕ್ ಒಳಗೆ ಬಂದಾಗ ಫೋನು ಹೊರಗೆ. ರೂಟರ್ ಒಯ್ಯುವ ಯೋಚನೆ ಇದ್ದರೆ ಹಡಗಿನ ನಿಷೇಧಿತ ವಸ್ತುಗಳ ಪಟ್ಟಿ ಓದಿ, ಹಲವು ಕಂಪನಿಗಳು ಅದನ್ನು ಬಿಡುವುದಿಲ್ಲ.

ಇನ್ನು ವೇಗ. ಹಡಗಿಗೆ ಇಂಟರ್ನೆಟ್ ಬರುವುದು ಉಪಗ್ರಹದಿಂದ. ಹಳೆಯ ವ್ಯವಸ್ಥೆಯ ಉಪಗ್ರಹ ಸುಮಾರು 35,786 ಕಿಲೋಮೀಟರ್ ಎತ್ತರದಲ್ಲಿ ಇರುತ್ತದೆ. ನೀವು ಒತ್ತಿದ್ದಕ್ಕೆ ಉತ್ತರ ಬರಲು ಅರ್ಧ ಸೆಕೆಂಡಿಗೂ ಜಾಸ್ತಿ ಬೇಕು. ಸುಮಾರು 550 ಕಿಲೋಮೀಟರ್ ಎತ್ತರದ ಸ್ಟಾರ್‌ಲಿಂಕ್ ಇರುವ ಹಡಗುಗಳಲ್ಲಿ ಪರಿಸ್ಥಿತಿ ಎಷ್ಟೋ ಮೇಲು, ಆದರೂ ವಿಡಿಯೊ ನೋಡುವ ಪ್ಯಾಕೇಜಿಗೆ ಬೇರೆ ದರ ಇರಬಹುದು. ಕೇಬಲ್ ಹಾಕಿ, ಇಳಿಸಿಕೊಂಡು ಬಂದದ್ದನ್ನು ನೋಡಿ. ನನ್ನ ಸಲಹೆ ಅಷ್ಟೇ.

ತಂತಿಯಿಲ್ಲದೆ ಒಂದು ದಾರಿ ಉಳಿದಿದೆ. ಮಿರಾಕಾಸ್ಟ್ ಫೋನಿನಿಂದ ನೇರ ಟಿವಿಗೆ ಹೋಗುತ್ತದೆ, ಹಡಗಿನ ವೈಫೈ ಬೇಡ. ಸ್ಯಾಮ್ಸಂಗ್ ಫೋನಿನಲ್ಲಿ ಸ್ಮಾರ್ಟ್ ವ್ಯೂ, ವಿಂಡೋಸಿನಲ್ಲಿ ವಿಂಡೋಸ್ ಕೀ ಜೊತೆ ಕೆ. ಐಫೋನಿನಲ್ಲೂ ಪಿಕ್ಸೆಲ್‌ನಲ್ಲೂ ಇದು ಇಲ್ಲ. ಟಿವಿಯ ಹೋಟೆಲ್ ಮೋಡಿನಲ್ಲಿ ಇದನ್ನು ಬಂದ್ ಮಾಡಿರುವುದೂ ಉಂಟು. ಒಮ್ಮೆ ನೋಡಿ, ಪಟ್ಟಿಯಲ್ಲಿ ಟಿವಿಯ ಹೆಸರು ಬರದಿದ್ದರೆ ಬಿಟ್ಟುಬಿಡಿ.

ಯಾವುದೇ ದಾರಿ ಹಿಡಿದರೂ ಹಡಗು ಹೊರಟ ಮೇಲೆ ಫೋನು ಏರೋಪ್ಲೇನ್ ಮೋಡಿನಲ್ಲಿರಲಿ, ವೈಫೈ ಮಾತ್ರ ಬೇರೆಯಾಗಿ ಆನ್ ಮಾಡಿ. ಹಡಗಿನಲ್ಲೇ ಮೊಬೈಲ್ ಟವರ್ ಇರುತ್ತದೆ, ಅದಕ್ಕೆ ಸಿಮ್ ತಾನಾಗಿ ಸೇರಿಕೊಂಡರೆ ಬಿಲ್ಲು ನೋಡಿ ಕಣ್ಣು ಕತ್ತಲೆ ಬರುತ್ತದೆ. ಬೇರೆ ದೇಶಕ್ಕೆಂದು ಹಾಕಿಸಿದ ಸಾಮಾನ್ಯ ರೋಮಿಂಗ್ ಪ್ಯಾಕ್ ಇದಕ್ಕೆ ಅನ್ವಯಿಸದಿರಬಹುದು.

ಪೆನ್‌ಡ್ರೈವಿನಲ್ಲಿ ಆಟ

ನಮ್ಮ ಊರಿನ ಹಿರಿಯರಿಗೆ ಸಿನಿಮಾ ಬೇಡ, ಆಟ ಬೇಕು. ಇಡೀ ರಾತ್ರಿಯ ಯಕ್ಷಗಾನ ಪೆನ್‌ಡ್ರೈವಿಗೆ ತುಂಬಿಸಿ ಕೊಡಿ ಎಂದು ಕೇಳುತ್ತಾರೆ. ಅದರಲ್ಲಿ ಬರುವ ತೊಂದರೆ ಬೇರೆಯೇ ಥರ.

ದುಬೈಯಲ್ಲಿ ಹಡಗು ಹತ್ತಿದ ಅಳಿಯನೊಬ್ಬ ಫೋನ್ ಮಾಡಿದ. "ಮಾವ, ಮನೆಯ ಟಿವಿಯಲ್ಲಿ ಓಡಿದ ಪೆನ್‌ಡ್ರೈವ್ ಇಲ್ಲಿ ಓಪನ್ನೇ ಆಗುವುದಿಲ್ಲ. ಅಪ್ಪ ಕೂತು ಕಾಯ್ತಾ ಇದ್ದಾರೆ."

"ಫಾರ್ಮ್ಯಾಟ್ ಮಾಡಿದ್ದು ಯಾವುದರಲ್ಲಿ?"

"ಎಕ್ಸ್‌ಫ್ಯಾಟ್. ಮೊದಲಿದ್ದದ್ದರಲ್ಲಿ ಕಾಪಿ ಆಗ್ಲಿಲ್ಲ."

ಅಲ್ಲೇ ಇತ್ತು ವಿಷಯ. ಫ್ಯಾಟ್32 ಎಂಬ ಹಳೆಯ ಫಾರ್ಮ್ಯಾಟಿನಲ್ಲಿ ಒಂದು ಫೈಲು 4 ಜಿಬಿ ಮುಟ್ಟುವಂತಿಲ್ಲ. ಒಂಬತ್ತು ಗಂಟೆಯ ಆಟವನ್ನು ಸೆಕೆಂಡಿಗೆ 3 ಮೆಗಾಬಿಟ್ ಲೆಕ್ಕದಲ್ಲಿ ರೆಕಾರ್ಡ್ ಮಾಡಿದ್ದರೂ ಅದು ಸುಮಾರು 12 ಜಿಬಿ ಆಗುತ್ತದೆ. ಕಾಪಿ ಆಗಲಿಲ್ಲವೆಂದು ಎಕ್ಸ್‌ಫ್ಯಾಟ್ ಮಾಡಿದರೆ ಫೈಲು ಹಿಡಿಸುತ್ತದೆ, ಆದರೆ ಅದನ್ನು ಓದಲು ಬಾರದ ಟಿವಿಗಳಿವೆ. ಕೋಣೆಯ ಟಿವಿ ಯಾವುದಿರುತ್ತದೋ ಯಾರಿಗೆ ಗೊತ್ತು? ಹೊರಡುವ ಮೊದಲೇ ಆಟವನ್ನು ಗಂಟೆ ಗಂಟೆಯ ತುಂಡು ಮಾಡಿ ಫ್ಯಾಟ್32 ಪೆನ್‌ಡ್ರೈವಿಗೆ ಹಾಕಿಡುವುದು ಕ್ಷೇಮ. ಒಡ್ಡೋಲಗದಿಂದ ಮಂಗಳದವರೆಗೆ ಕ್ರಮವಾಗಿ 01, 02 ಎಂದು ಹೆಸರು ಕೊಡಿ, ಇಲ್ಲವಾದರೆ ಟಿವಿ ಯುದ್ಧವನ್ನು ಮೊದಲು ತೋರಿಸಿ ಪೀಠಿಕೆಯನ್ನು ಆಮೇಲೆ ತೋರಿಸುತ್ತದೆ.

ಇನ್ನೊಂದು ದೂರು, ವೇಷ ಕುಣಿಯುತ್ತದೆ, ಭಾಗವತರ ಪದ ಕೇಳುವುದಿಲ್ಲ. ಚೆಂಡೆಯೂ ಇಲ್ಲ. ಫೈಲಿನ ಚಿತ್ರ ಟಿವಿಗೆ ಅರ್ಥವಾಗಿದೆ, ಧ್ವನಿಯ ಮಾದರಿ ಅರ್ಥವಾಗಿಲ್ಲ. ಡಿಟಿಎಸ್ ಧ್ವನಿಯ ಫೈಲುಗಳಲ್ಲಿ ಹೀಗಾಗುತ್ತದೆ. ಸ್ಯಾಮ್ಸಂಗ್ 2018ರ ಮಾದರಿಗಳಿಂದಲೇ ಡಿಟಿಎಸ್ ಕೈಬಿಟ್ಟಿದೆ. ಎಂಪಿ4 ಫೈಲು, ಚಿತ್ರ ಎಚ್.264, ಧ್ವನಿ ಎಎಸಿ, ಹೀಗೆ ಬದಲಾಯಿಸಿಕೊಂಡರೆ ಹೆಚ್ಚುಕಡಿಮೆ ಎಲ್ಲ ಟಿವಿಯೂ ಓಡಿಸುತ್ತದೆ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶ ಕಂಪ್ಯೂಟರಿನಲ್ಲಿ ಈ ಕೆಲಸ ಮಾಡುತ್ತದೆ. ಇಡೀ ರಾತ್ರಿಯ ಆಟಕ್ಕೆ ಹೊತ್ತು ಹಿಡಿಯುತ್ತದೆ, ಹೊರಡುವ ಹಿಂದಿನ ದಿನಕ್ಕೆ ಇಟ್ಟುಕೊಳ್ಳಬೇಡಿ.

ಪೆನ್‌ಡ್ರೈವ್ ಹಾಕಿದರೂ ಟಿವಿ ಅಲುಗಾಡದೆ ಇದ್ದರೆ ಯುಎಸ್‌ಬಿಯನ್ನೇ ಲಾಕ್ ಮಾಡಿರಬಹುದು. ಹೋಟೆಲ್ ಟಿವಿಗಳಲ್ಲಿ ಇದು ಸಾಮಾನ್ಯ. ಆಗ ಪೆನ್‌ಡ್ರೈವನ್ನು ಲ್ಯಾಪ್‌ಟಾಪಿಗೆ ಹಾಕಿ, ಲ್ಯಾಪ್‌ಟಾಪನ್ನು ಎಚ್‌ಡಿಎಂಐಗೆ ಹಾಕಿ. ಚಿತ್ರ ಹೊರಕೊಡುವ ಫೋನಿದ್ದರೆ ಎಚ್‌ಡಿಎಂಐಯೂ ಯುಎಸ್‌ಬಿಯೂ ಇರುವ ಒಂದೇ ಹಬ್ (ಹಲವು ಪೋರ್ಟುಗಳ ಅಡಾಪ್ಟರ್) ಸಾಕು, ಫೋನಿನ ವಿಎಲ್‌ಸಿಯಲ್ಲಿ ಆಟ ಓಡಿಸಬಹುದು. ಫಾರ್ಮ್ಯಾಟಿನ ತಲೆನೋವೂ ಇದರಲ್ಲಿ ಬಹಳಷ್ಟು ತಪ್ಪುತ್ತದೆ. ಆ ಅಳಿಯ ಕೊನೆಗೆ ಮಾಡಿದ್ದೂ ಇದನ್ನೇ.

ಆ್ಯಪ್‌ನಲ್ಲಿ ಇಳಿಸಿಕೊಂಡ ಸಿನಿಮಾಗಳದ್ದು ಬೇರೆ ಗೋಳು. ಅವಕ್ಕೆ ಅವಧಿ ಇರುತ್ತದೆ, ನಡುವೆ ಒಮ್ಮೆ ಇಂಟರ್ನೆಟ್ ಕೇಳಬಹುದು. ಮನೆಯಲ್ಲೇ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಕೇಬಲ್ಲಿನಲ್ಲಿ ಟಿವಿಗೆ ಕೊಟ್ಟು, ಒಂದೊಂದನ್ನೂ ತೆರೆದು ನೋಡಿ. ಓಡಿದ್ದನ್ನು ಮಾತ್ರ ನಂಬಿ.

ಇಳಿಯುವ ಹಿಂದಿನ ರಾತ್ರಿ ಮೂರು ಕೆಲಸ ಮಾಡಿ. ಟಿವಿಯನ್ನು ಹಡಗಿನ ಮೆನುಗೆ ತಿರುಗಿಸಿ ಬಿಡಿ, ಮುಂದೆ ಬರುವವರಿಗೆ ಸೋರ್ಸ್ ಬಟನ್ ಇಲ್ಲದ ರಿಮೋಟೇ ಗತಿ. ಟಿವಿಯ ಹಿಂದಕ್ಕೆ ಕೈ ಹಾಕಿ ಸ್ಟಿಕ್ ತೆಗೆದು ಚೀಲಕ್ಕೆ ಹಾಕಿ. ಟಿವಿಯದೇ ಆ್ಯಪ್‌ನಲ್ಲಿ ನಿಮ್ಮ ಖಾತೆ ತೆರೆದಿದ್ದರೆ ಸೈನ್ ಔಟ್ ಮಾಡಿ. ಸ್ಟಿಕ್ ಅಲ್ಲೇ ಉಳಿದರೆ ಹೋಗುವುದು ಸ್ಟಿಕ್ ಮಾತ್ರ ಅಲ್ಲ, ಅದರಲ್ಲಿ ನಿಮ್ಮ ಖಾತೆಯೂ ಇದೆ. ಮರೆತು ಇಳಿದವರು ಊರಿಗೆ ಬಂದ ಕೂಡಲೇ ಆ ಖಾತೆಯ ವೆಬ್‌ಸೈಟಿಗೆ ಹೋಗಿ ಎಲ್ಲ ಸಾಧನಗಳಿಂದ ಹೊರಬರುವ ಆಯ್ಕೆ ಒತ್ತಿ, ಪಾಸ್‌ವರ್ಡ್ ಬದಲಾಯಿಸಿ.